ಇಲ್ಸಬೆ ಬಿಚ್ಚಿದ ಕೆಂಪು ಅಕ್ಷರಗಳು

ನಾನು ಲುಟ್‌ಶೊ ಹಳ್ಳಿಯ ಶಾಲೆಗೆ ಬಂದ ಮೂರನೆಯ ದಿನ ಸಮುದ್ರವು ಒಂದು ಹೆಣವನ್ನು ದಡಕ್ಕೆ ತಂದು ಹಾಕಿತು. ನಮ್ಮ ನಾಡು ಸ್ವೀಡನ್ ದೊರೆಯ ಕೈಯಿಂದ ಪ್ರಷ್ಯಾ ದೊರೆಯ ಕೈಗೆ ಹೋದ ವರ್ಷ ಅದು. ನನಗಾಗ ಇಪ್ಪತ್ತನಾಲ್ಕು. ಹಳ್ಳಿಯ ಮೇಷ್ಟ್ರೆಂದರೆ ಪಾಠ ಹೇಳಿ ಮುಗಿಸುವವನಲ್ಲ. ಚರ್ಚಿನ ಗಂಟೆ ಹೊಡೆಯುವುದು, ಸ್ಮಶಾನದ ಬೀಗದಕೈ ಇಟ್ಟುಕೊಳ್ಳುವುದು, ಸತ್ತವರ ಮನೆಯಿಂದ ಗುಂಡಿಯವರೆಗೆ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹಾಡುತ್ತ ಹೋಗುವುದು, ಎಲ್ಲವೂ ಅವನ ತಲೆಗೇ.

ಹೆಣವನ್ನು ಬಲೆ ಒಣಗಿಸುವ ಕೊಟ್ಟಿಗೆಯಲ್ಲಿ ಮಲಗಿಸಿದ್ದರು. ಯಾವ ಊರಿನ ನಾವಿಕನೋ ಯಾರಿಗೂ ತಿಳಿಯದು. ಮೈಮೇಲೆ ಅರ್ಧ ಬಟ್ಟೆಯೂ ಉಳಿದಿರಲಿಲ್ಲ. ತೊಡಿಸಿ ಕಳಿಸಲು ಒಂದು ಅಂಗಿ ಬೇಕು ಎಂದಾಗ ಬೆಸ್ತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಸಬನಾದ ನನಗೆ ಒಳ್ಳೆಯವನೆನಿಸಿಕೊಳ್ಳುವ ಆಸೆ. ಓಡಿಹೋಗಿ ನನ್ನಲ್ಲಿದ್ದ ಎರಡು ಅಂಗಿಗಳಲ್ಲಿ ಒಂದನ್ನು ತಂದುಕೊಟ್ಟೆ. ಹೆಣದ ತಲೆಯ ಬಳಿ ಒಬ್ಬ ಹೆಂಗಸು ಕುಳಿತಿದ್ದಳು. ಮೂವತ್ತು ತುಂಬಿರಲಾರದು, ಆದರೆ ಕೈಗಳು ಮುದುಕಿಯವು. ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು ಕೊರಳಪಟ್ಟಿಯ ಒಳಮಗ್ಗುಲನ್ನು ತಿರುವಿ ನೋಡಿದಳು. ಅಲ್ಲಿ ನನ್ನ ಹೆಸರಿನ ಮೊದಲಕ್ಷರವನ್ನೂ ಮನೆತನದ ಮೊದಲಕ್ಷರವನ್ನೂ ನನ್ನ ತಾಯಿ ಕೆಂಪು ದಾರದಲ್ಲಿ, ಪುಟ್ಟ ಪುಟ್ಟ ಅಡ್ಡಹೊಲಿಗೆ ಹಾಕಿ ಬರೆದಿದ್ದಳು. ಒಗೆಯುವ ದಿನ ಬಟ್ಟೆ ಕಲಸಿಹೋಗದಿರಲಿ ಎಂದು ನಮ್ಮಲ್ಲಿ ಎಲ್ಲ ಮನೆಗಳಲ್ಲೂ ಹಾಗೆ ಮಾಡುತ್ತಾರೆ. ಆಕೆ ಸೊಂಟದ ಚೀಲದಿಂದ ಬೆರಳುದ್ದದ ಕತ್ತರಿಯೊಂದನ್ನು ತೆಗೆದು ಆ ಅಕ್ಷರಗಳನ್ನು ಒಂದೊಂದೇ ಎಳೆಯಾಗಿ ಬಿಚ್ಚತೊಡಗಿದಳು.

"ಅದನ್ಯಾಕಮ್ಮ ಬಿಚ್ತೀರಿ? ಮಣ್ಣಿಗೆ ಹೋಗೋ ಅಂಗಿ ತಾನೆ?" ಎಂದೆ.

ಆಕೆ ತಲೆ ಎತ್ತಲಿಲ್ಲ. "ನಿಮ್ಮಮ್ಮ ಇದಾರಾ ಮೇಷ್ಟ್ರೇ?"

"ಇದಾರೆ."

"ನೀವೂ ಇದೀರಿ. ಹಾಗಿದ್ರೆ ಸುಮ್ನೆ ಕೂತ್ಕೊಳ್ಳಿ. ಬೆಳಕಿಗೆ ಅಡ್ಡ ಬರ್ಬೇಡಿ."

ಆಕೆಯೇ ಇಲ್ಸಬೆ ಕ್ರಾಗೆ. ಸತ್ತವರನ್ನು ಮೀಯಿಸಿ, ಬಟ್ಟೆ ತೊಡಿಸಿ, ಶವದ ಪೆಟ್ಟಿಗೆಯಲ್ಲಿ ಮಲಗಿಸುವುದು ಆಕೆಯ ಕೆಲಸ. ಕತ್ತರಿಯ ಸಂಗತಿಯನ್ನು ಆ ಸಂಜೆ ಬಲೆ ಹೆಣೆಯುವ ಮುದುಕನೊಬ್ಬ ನನಗೆ ಬಿಡಿಸಿ ಹೇಳಿದ. ಬದುಕಿರುವವರ ಹೆಸರುಳ್ಳ ಬಟ್ಟೆ ಹೆಣದ ಜೊತೆ ಮಣ್ಣಿಗೆ ಹೋಗಬಾರದು. ಹೋದರೆ ಸತ್ತವನು ಗುಂಡಿಯೊಳಗೆ ಆ ಬಟ್ಟೆಯನ್ನು ಬಾಯಿಗಿಟ್ಟು ಅಗಿಯುತ್ತಾನೆ. ಅವನು ಅಗಿದಂತೆಲ್ಲ ಮೇಲೆ ಆ ಹೆಸರಿನವರು ಸೊರಗುತ್ತಾರೆ, ಕೊನೆಗೆ ಅವನ ಪಕ್ಕಕ್ಕೇ ಹೋಗುತ್ತಾರೆ. ನಾನು ಉಪಾಧ್ಯಾಯರ ತರಬೇತಿ ಶಾಲೆಯಲ್ಲಿ ಕಲಿತು ಬಂದವನು, ಕೇಳಿ ನಕ್ಕೆ. ಮುದುಕ ನಗಲಿಲ್ಲ. ಇಲ್ಸಬೆಯ ಕಥೆಯನ್ನು ಹೇಳಿದ.

ಆಕೆಯ ಮೊದಲ ಮಗು ಗಂಡು, ಎಂಟು ತಿಂಗಳಿಗೇ ತೀರಿಕೊಂಡಿತು. ಗಂಡನ ಹಳೆಯ ಹೊದಿಕೆಯ ತುಂಡಿನಲ್ಲಿ ಸುತ್ತಿ ಕಳಿಸಿದರು. ದುಃಖದಲ್ಲಿ ಯಾರೂ ಅದರ ಮೂಲೆಯನ್ನು ತಿರುವಿ ನೋಡಲಿಲ್ಲ. ಗಂಡನ ಹೆಸರು ಅಲ್ಲಿ ಹಾಗೆಯೇ ಉಳಿದಿತ್ತು. ಏಳು ವಾರ ಕಳೆದು, ಅಲೆಯೇ ಇಲ್ಲದ ದಿನ, ಗಂಡನ ದೋಣಿ ಹೋದದ್ದು ಹಿಂದಿರುಗಲಿಲ್ಲ. ಆಗ ಆಕೆಯ ಹೊಟ್ಟೆಯಲ್ಲಿ ಮಗಳು ಗೇಶೆ ಇದ್ದಳು. ಹೆತ್ತು ಎದ್ದ ಮೇಲೆ ಇಲ್ಸಬೆ ತಾನಾಗಿ ಈ ಕೆಲಸ ಕೇಳಿಕೊಂಡಳಂತೆ. ಇನ್ನೊಂದು ಮನೆಯಲ್ಲಿ ಅಕ್ಷರ ಕಣ್ಣು ತಪ್ಪಿ ಉಳಿಯಬಾರದು ಎಂದು.

ಹೆಣಗಳೆಂದರೆ ಆಕೆಗೆ ಎಳ್ಳಷ್ಟೂ ಅಂಜಿಕೆ ಇರಲಿಲ್ಲ. ಮೀಯಿಸುವಾಗ ಅವುಗಳೊಡನೆ ಮಾತಾಡುತ್ತಿದ್ದಳು. "ಕೈ ಎತ್ತಪ್ಪ ಸ್ವಲ್ಪ. ಬದುಕಿದ್ದಾಗ್ಲೂ ಹೀಗೇ ಸೆಟೆದು ನಿಲ್ತಿದ್ದೆ ನೀನು" ಎಂದು ಬೈದದ್ದನ್ನು ನಾನೇ ಕೇಳಿದ್ದೇನೆ. ಆದರೆ ಕೆಂಪು ದಾರ ಕಂಡರೆ ಮುಖದ ಬಣ್ಣ ಇಳಿಯುತ್ತಿತ್ತು. ಬಿಚ್ಚಿದ ಎಳೆಗಳನ್ನೆಲ್ಲ ಒಲೆಗೆ ಹಾಕಿ, ಬೂದಿಯಾಗುವವರೆಗೆ ನೋಡುತ್ತ ನಿಂತಿರುವಳು. ತನ್ನ ಮನೆಯ ಬಟ್ಟೆಗಳನ್ನು ಪ್ರತಿ ಶನಿವಾರ ಎಣಿಸುವಳು. ಗೇಶೆ ನನ್ನ ಶಾಲೆಗೇ ಬಂದಳು. ಚುರುಕು, ಬಾಯಿ ಜೋರು. ಅಮ್ಮ ಎಣಿಸಲು ಕುಳಿತಾಗ ಹಿಂದೆ ನಿಂತು ಬೇಕೆಂದೇ ತಪ್ಪು ಎಣಿಕೆ ಹೇಳುತ್ತಿದ್ದಳಂತೆ.

ಹನ್ನೆರಡು ವರ್ಷ ಹೀಗೆ ಕಳೆಯಿತು. ಗೇಶೆಗೆ ಹದಿನೇಳಾದ ವರ್ಷದ ಅಕ್ಟೋಬರಿನಲ್ಲಿ ಚಿತ್ರಕಾರ ರಾಶ್ ನಮ್ಮೂರಿಗೆ ಬಂದ. ಆ ಕಾಲದ ಚಿತ್ರಕಾರರಿಗೆ ಸಾವಿನ ಹುಚ್ಚು ಹಿಡಿದಿತ್ತು. ಬೋಳು ಓಕ್ ಮರ, ಕುಸಿದ ಮಠದ ಗೋಡೆ, ಹಿಮದಲ್ಲಿ ವಾಲಿದ ಶಿಲುಬೆಗಳು, ನಡುವೆ ಪೆಟ್ಟಿಗೆ ಹೊತ್ತು ಹೋಗುವ ಕಪ್ಪು ಸಾಲು: ಪಟ್ಟಣದ ದೊಡ್ಡವರು ಇಂಥವನ್ನೇ ಕೇಳಿ ಬರೆಸಿ ಊಟದ ಕೋಣೆಯಲ್ಲಿ ತೂಗುಹಾಕುತ್ತಿದ್ದರು. ನಮ್ಮೂರಿನ ಹೊರಗೆ ಅಂಥದೊಂದು ಪಾಳುಮಠ ಇತ್ತು. ರಾಶ್ ನನ್ನ ಮನೆಯಲ್ಲೇ ಇಳಿದುಕೊಂಡ. ತೆಳ್ಳಗಿನ, ಸದಾ ನೆಗಡಿಯಾಗಿರುವ, ನಯವಾದ ಮನುಷ್ಯ. ಸ್ಮಶಾನದ ಬೀಗದಕೈ ನನ್ನ ಹತ್ತಿರ ಇದೆ ಎಂದು ತಿಳಿದಾಗ ಮಗುವಿನಂತೆ ಕೈ ತಟ್ಟಿದ.

ಅವನಿಗೆ ಹಿಮ ಬೇಕಿತ್ತು, ಇನ್ನೂ ಬಿದ್ದಿರಲಿಲ್ಲ. ಮನೆಮನೆಯಿಂದ ಬಿಳಿಯ ಹೊದಿಕೆಗಳನ್ನು ಬೇಡಿ ತಂದು ಕಲ್ಲುಗಳ ಮೇಲೆ ಹಾಸಿದ. ಶೋಕಿಸುವವರು ಬೇಕಿತ್ತು, ಬೆಸ್ತರು ಭಾನುವಾರದ ಕರಿಕೋಟು ತೊಟ್ಟು ಬಂದು ನಿಂತರು. "ನನ್ನ ಕಣ್ಣಲ್ಲಿ ಎರಡು ಹನಿ ಜಾಸ್ತೀನೇ ಬರೀರಿ ಸ್ವಾಮಿ, ನಾನೂ ಅಳ್ತೀನಿ ಅಂತ ನನ್ ಹೆಂಡ್ತಿಗೆ ಗೊತ್ತಾಗ್ಲಿ" ಎಂದು ಒಬ್ಬ ಹೇಳಿ ಎಲ್ಲರನ್ನೂ ನಗಿಸಿದ. ಪೆಟ್ಟಿಗೆ ಬೇಕಿತ್ತು. ಅದು ಮುದುಕ ಪಾಗೆಲನ ಅಟ್ಟದಲ್ಲಿತ್ತು. ವಯಸ್ಸಾದವರು ತಮ್ಮ ಪೆಟ್ಟಿಗೆಯನ್ನು ಮೊದಲೇ ಮಾಡಿಸಿ ಅಟ್ಟದಲ್ಲಿಡುತ್ತಾರೆ. ಖಾಲಿ ಯಾಕಿರಬೇಕೆಂದು ಅದರಲ್ಲಿ ಕಾಳನ್ನೋ ಹಣ್ಣನ್ನೋ ತುಂಬಿಡುತ್ತಾರೆ. ಪಾಗೆಲನದರಲ್ಲಿ ಒಣಗಿಸಿದ ಸೇಬಿನ ಬಿಲ್ಲೆಗಳಿದ್ದವು. ನಾನೇ ಹೋಗಿ ಕೇಳಿದೆ. "ಪೆಟ್ಟಿಗೆ ತಗೊಂಡ್ಹೋಗಿ ಮೇಷ್ಟ್ರೇ, ಸೇಬು ಮಾತ್ರ ಕೊಡಲ್ಲ. ಮತ್ತೆ ಬೇಗ ತಂದ್ಕೊಡಿ, ನಂಗೆ ಯಾವಾಗ ಬೇಕಾಗತ್ತೋ ಹೇಳಕ್ಕಾಗಲ್ಲ" ಎಂದ.

ಕೊನೆಗೆ ರಾಶ್‌ಗೆ ಪೆಟ್ಟಿಗೆಯೊಳಗೆ ಮಲಗಲು ಒಬ್ಬ ಹುಡುಗಿ ಬೇಕಾಯಿತು. ಮುಚ್ಚಳ ತೆರೆದಿರಬೇಕು, ಮುಖ ಕಾಣಬೇಕು. ಊರಿನ ಯಾವ ತಾಯಿಯೂ ಮಗಳನ್ನು ಕಳಿಸಲಿಲ್ಲ. ಇಲ್ಸಬೆ ಆ ವಾರ ಪಕ್ಕದ ಹಳ್ಳಿಯಲ್ಲಿ ತಂಗಿಯ ಬಾಣಂತನಕ್ಕೆ ಹೋಗಿದ್ದಳು. ಗೇಶೆ ತಾನಾಗಿ ನನ್ನ ಬಳಿ ಬಂದು ಕೇಳಿದಳು.

"ನಾನು ಮಲಗ್ತೀನಿ ಮೇಷ್ಟ್ರೇ. ಅಮ್ಮ ಅಷ್ಟೊಂದು ಜನಾನ ಮಲಗಿಸ್ತಾಳೆ, ಹೇಗಿರತ್ತೆ ಅಂತ ಒಂದ್ಸಲ ನೋಡ್ಬಿಡ್ತೀನಿ."

ನಾನು ಬೇಡವೆನ್ನಬೇಕಿತ್ತು. ಅಮ್ಮನಿಗೆ ಹೇಳಬೇಡ ಎಂದಷ್ಟೇ ಹೇಳಿದೆ. ಈ ಬರಹದಲ್ಲಿ ನನ್ನ ತಪ್ಪು ಯಾವುದೆಂದು ಕೇಳಿದರೆ ಇದೇ.

ಮೂರು ಮಧ್ಯಾಹ್ನ ಅವಳು ಮಲಗಿದಳು. ಮೊದಲ ದಿನ ಪಕ್ಕದಲ್ಲಿ ನಿಂತ ಬೆಸ್ತರಿಗೆ ನಾಲಿಗೆ ಚಾಚಿ ತೋರಿಸಿ ಬೈಸಿಕೊಂಡಳು. ಮೂರನೆಯ ದಿನ ರಾಶ್ ಅವಳ ಕೆನ್ನೆಗೆ ಹಿಟ್ಟು ಬಳಿದು, ಕೈಗಳನ್ನು ಎದೆಯ ಮೇಲೆ ಜೋಡಿಸಿದ. ಹುಡುಗಿ ಕಣ್ಣು ಮುಚ್ಚಿ ಉಸಿರು ಹಿಡಿದಳು. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಯಾರೋ ಟೋಪಿ ತೆಗೆದರು. "ಸಾಕು, ಎದ್ದೇಳು" ಎಂದು ನಾನೇ ಗದರಿದೆ.

ಪೆಟ್ಟಿಗೆ ಪಾಗೆಲನ ಅಟ್ಟಕ್ಕೆ ಮರಳಿತು. ರಾಶ್ ಸಾಮಾನು ಕಟ್ಟಿಕೊಂಡು ಸ್ಟ್ರಾಲ್‌ಸುಂಡ್ ಪಟ್ಟಣಕ್ಕೆ ಹೋದ. ಚಿತ್ರವನ್ನು ಅಲ್ಲಿ ಬಾಡಿಗೆ ಕೋಣೆಯಲ್ಲಿ ಮುಗಿಸುವುದಾಗಿ ಹೇಳಿದ್ದ. ನವೆಂಬರಿನ ಕೊನೆಗೆ ಪಾಗೆಲ್ ನಿದ್ದೆಯಲ್ಲೇ ತೀರಿಕೊಂಡ. ಇಲ್ಸಬೆ ಅವನನ್ನು ಮೀಯಿಸಿ, ಅಂಗಿಯ ಅಕ್ಷರ ಬಿಚ್ಚಿ, ಅವನದೇ ಪೆಟ್ಟಿಗೆಯಲ್ಲಿ, ತಳಕ್ಕೆ ಹಾಸಿದ್ದ ಮರದ ಹೊಟ್ಟಿನ ಮೇಲೆ ಮಲಗಿಸಿದಳು. ನಾನು ಮಕ್ಕಳೊಡನೆ ಹಾಡಿದೆ. ಮಣ್ಣು ಬಿತ್ತು.

ನಾಲ್ಕು ದಿನ ಕಳೆದು ಗೇಶೆ ಜ್ವರದಲ್ಲಿ ಮಲಗಿದಳು. ಹೆರಿಂಗ್ ಮೀನು ಸೀಳುವ ಕಾಲ. ದಿನವಿಡೀ ನೀರಿನಲ್ಲಿ ನಿಂತು ಕೆಲಸ ಮಾಡಿದ್ದಳು, ಕೆಮ್ಮು ಕಟ್ಟಿಕೊಂಡಿತ್ತು. ಹಾಗೆಂದು ಈಗ ಹೇಳುತ್ತೇನೆ. ಶನಿವಾರ ಇಲ್ಸಬೆ ಬಟ್ಟೆ ಎಣಿಸಿದಳು. ಮಗಳ ಕೊರಳಬಟ್ಟೆ ಒಂದು ಕಡಿಮೆ. ಮತ್ತೆ ಎಣಿಸಿದಳು. ಆಮೇಲೆ ಮಗಳನ್ನು ಕೇಳಿದಳು. ಜ್ವರದ ಬಾಯಲ್ಲಿ ಎಲ್ಲವೂ ಹೊರಬಂತು. ಪೆಟ್ಟಿಗೆಯ ಹಲಗೆ ತಲೆಗೆ ಒತ್ತುತ್ತಿತ್ತು, ಕೊರಳಬಟ್ಟೆಯನ್ನು ಮಡಿಸಿ ತಲೆಯ ಕೆಳಗಿಟ್ಟುಕೊಂಡಿದ್ದಳು. ಮೇಷ್ಟ್ರು ಎದ್ದೇಳು ಎಂದು ಗದರಿದಾಗ ಅದನ್ನು ಮರೆತಳು. ಹೊಟ್ಟಿನ ಅಡಿಗೆ ಸರಿದಿರಬೇಕು. ಹಿಂದಿನ ಶನಿವಾರಗಳಲ್ಲೆಲ್ಲ ಅಮ್ಮನ ಎಣಿಕೆ ತಪ್ಪಿಸಿ ಅದು ಗೊತ್ತಾಗದಂತೆ ನೋಡಿಕೊಂಡಿದ್ದಳು.

ಇಲ್ಸಬೆ ನನ್ನ ಮನೆಗೆ ಬಂದಾಗ ನಾನು ಮಕ್ಕಳ ಬರಹ ತಿದ್ದುತ್ತಿದ್ದೆ. ಆಕೆ ಬಾಗಿಲಲ್ಲೇ ನಿಂತಳು. ನಾನು ಎದ್ದುನಿಂತು, ಒಪ್ಪಿಗೆ ಕೊಟ್ಟವನು ನಾನೇ ಎಂದೆ.

"ನೀವು ಓದಿದೋರು, ನಿಮಗೆ ಗೊತ್ತಾಗ್ಲಿಲ್ಲ. ಅವಳಿಗೆ ಗೊತ್ತಿತ್ತು. ನಾನೂ ನೋಡ್ಬೇಕಿತ್ತು. ಅವನದೇ ಪೆಟ್ಟಿಗೆ, ಅವನದೇ ಸೇಬು ಇದ್ದಿದ್ದು ಅಂತ ಹೊಟ್ಟಿನಡಿ ಕೈ ಹಾಕ್ಲಿಲ್ಲ." ಆಕೆಯ ದನಿ ಸಣ್ಣಗಾಯಿತು. "ಈಗ ಅವನು ಅಗೀತಿದಾನೆ ಮೇಷ್ಟ್ರೇ. ಅವಳು ಕೆಮ್ಮಿದಾಗೆಲ್ಲ ನಂಗೆ ಕೇಳಿಸ್ತಿದೆ."

ಪಾದ್ರಿಗಳ ಬಳಿಗೆ ಇಬ್ಬರೂ ಹೋದೆವು. ಗುಂಡಿ ತೆರೆಯಲು ಅಪ್ಪಣೆ ಕೊಡಲಾರೆನೆಂದು ಅವರು ಮೃದುವಾಗಿಯೇ ಹೇಳಿದರು. ಅದು ಪಾಪ, ಮೇಲಾಗಿ ಕಾನೂನಿಗೆ ವಿರುದ್ಧ, ಮೂಢನಂಬಿಕೆಯಂತೂ ಸರಿಯೇ ಸರಿ. ಹುಡುಗಿಗೆ ಬಿಸಿ ಹಾಲು ಕೊಡಿ ಎಂದರು. ಇಲ್ಸಬೆ ತಲೆಯಾಡಿಸಿ ಹೊರಬಂದಳು. ಅಂಗಳದ ಮಣ್ಣನ್ನು ಹಿಮ್ಮಡಿಯಿಂದ ಒತ್ತಿ ನೋಡಿದಳು. ಹಿಮಗಾಲ ಹತ್ತಿರ ಬಂದಿತ್ತು. ಇನ್ನೊಂದು ವಾರಕ್ಕೆ ನೆಲ ಕಲ್ಲಾಗುತ್ತದೆ, ಆಮೇಲೆ ಮಾರ್ಚ್ ತಿಂಗಳವರೆಗೆ ಗುದ್ದಲಿ ಇಳಿಯುವುದಿಲ್ಲ. ಗೇಶೆಗೆ ಮಾರ್ಚ್‌ವರೆಗೆ ಸಮಯವಿಲ್ಲ ಎಂಬುದು ಆಕೆಯ ಮುಖದಲ್ಲಿತ್ತು. "ಬೀಗದಕೈ ನಿಮ್ಮತ್ರ ಇದೆ" ಎಂದಳು.

ಆ ಪಾದ್ರಿಗಳು ತೀರಿಕೊಂಡು ಇಪ್ಪತ್ತು ವರ್ಷವಾಯಿತು, ಇನ್ನು ಬರೆಯಬಹುದು. ಸೋಮವಾರ ಬೆಳಗ್ಗೆ ಕಡಲಿನಿಂದ ಮಂಜು ಏರಿ ಬಂತು. ಚಾಚಿದ ಕೈ ಕಾಣದಷ್ಟು ದಟ್ಟ. ಊರಿನ ಗಂಡಸರು ಮಂಜು ಕರಗಲೆಂದು ದಡದಲ್ಲಿ ಕಾಯುತ್ತ ಕುಳಿತಿದ್ದರು, ಹೆಂಗಸರು ಉಪ್ಪು ಹಾಕುವ ಕೊಟ್ಟಿಗೆಯಲ್ಲಿದ್ದರು. ಶಾಲೆಗೆ ರಜೆ ಎಂದು ಮಕ್ಕಳನ್ನು ಕಳಿಸಿ ನಾನು ಸ್ಮಶಾನದ ಬಾಗಿಲು ತೆರೆದೆ. ಎರಡು ಗುದ್ದಲಿ. ಆಕೆ ನನಗಿಂತ ಬೇಗ ಅಗೆದಳು. ಬಿಳಿಯ ಮಂಜಿನಲ್ಲಿ ಆಕೆಯ ಕಪ್ಪು ಬೆನ್ನು ಏಳುತ್ತ ಇಳಿಯುತ್ತಿತ್ತು, ಅದರಾಚೆ ಏನೂ ಇರಲಿಲ್ಲ. ನನಗೆ ರಾಶ್‌ನ ಚಿತ್ರದೊಳಗೆ ಬಂದು ನಿಂತ ಹಾಗಾಯಿತು.

ಎದೆಮಟ್ಟ ಇಳಿದಾಗ ಸದ್ದು ಕೇಳಿಸಿತು. ಅಗಿಯುವ ಸದ್ದು. ನಿಧಾನವಾಗಿ, ಒದ್ದೆಯಾಗಿ, ಒಂದೇ ಸಮನೆ. ನನ್ನ ಗುದ್ದಲಿ ಕೈಯಿಂದ ಜಾರಿತು. ಉಪಾಧ್ಯಾಯರ ಶಾಲೆಯಲ್ಲಿ ಕಲಿತದ್ದೆಲ್ಲ ಒಂದು ಕ್ಷಣದಲ್ಲಿ ಎಲ್ಲಿ ಹೋಯಿತೋ ತಿಳಿಯದು. ಇಲ್ಸಬೆ ಮಣ್ಣಿಗೆ ಕಿವಿ ಹಚ್ಚಿ ಮಂಡಿಯೂರಿದಳು. ಆಮೇಲೆ ಮೆಲ್ಲನೆ ತಲೆ ಎತ್ತಿ ಮೇಲಕ್ಕೆ ನೋಡಿದಳು. ಗುಂಡಿಯ ಅಂಚಿನಲ್ಲಿ, ಮಂಜಿನ ನಡುವೆ, ಪಾದ್ರಿಗಳ ಆಡು ನಿಂತಿತ್ತು. ನಾವು ಪಕ್ಕಕ್ಕೆ ತೆಗೆದಿಟ್ಟಿದ್ದ, ಪಾಗೆಲನ ಗುಂಡಿಯ ಮೇಲಿನ ಹಸಿರೆಲೆಯ ಮಾಲೆಯಲ್ಲಿ ಅರ್ಧ ಅದರ ಬಾಯಲ್ಲಿತ್ತು. ನಾನು ಮಣ್ಣಿನ ಹೆಂಟೆ ಎಸೆದೆ. ಅದು ನಮ್ಮನ್ನು ನೋಡುತ್ತ ಉಳಿದದ್ದನ್ನೂ ಅಗಿಯಿತು. ನಮಗೆ ನಗು ಬರಲಿಲ್ಲ.

ಮುಚ್ಚಳ ಎತ್ತಿದಾಗ ನಾನು ಮುಖ ತಿರುಗಿಸಿಕೊಂಡೆ. ಇಲ್ಸಬೆ ಎಂದಿನ ದನಿಯಲ್ಲಿ, "ಸ್ವಲ್ಪ ಆ ಕಡೆಗೆ ಪಾಗೆಲಜ್ಜ, ತೊಂದರೆ ಕೊಡ್ತಿದೀನಿ, ಬೇಜಾರು ಮಾಡ್ಕೋಬೇಡ" ಎನ್ನುವುದು ಕೇಳಿಸಿತು. ಹೊಟ್ಟಿನಲ್ಲಿ ಕೈಯಾಡಿಸುವ ಸರಸರ ಸದ್ದು. ತಲೆಯ ಕಡೆ, ಬೆನ್ನ ಕಡೆ, ಕಾಲಿನವರೆಗೆ. ಬಹಳ ಹೊತ್ತಾದ ಮೇಲೆ ಆಕೆ ಕೈ ಹೊರಗೆ ತೆಗೆದಳು. ಬೆರಳುಗಳ ನಡುವೆ ಒಣ ಸೇಬಿನ ಒಂದು ಬಿಲ್ಲೆ ಇತ್ತು.

"ಇಲ್ಲ. ಇಲ್ಲಿಲ್ಲ" ಎಂದಳು. ಸೇಬನ್ನು ತಿರುಗಿ ಅವನ ಪಕ್ಕಕ್ಕೇ ಇಟ್ಟಳು.

ಗುಂಡಿ ಮುಚ್ಚುವಾಗ ನನಗೆ ಹಗುರಾಗಬೇಕಿತ್ತು. ಆಗಲೇ ನೆನಪಾಯಿತು. ರಾಶ್ ಕೊನೆಯ ಸಂಜೆ ಸಾಮಾನು ಕಟ್ಟುವಾಗ ಅವನ ಗಂಟಿನಲ್ಲಿ ಏನೋ ಕೆಂಪಾಗಿ ಕಂಡಿತ್ತು. ಬಣ್ಣ ಒರೆಸುವ ಬಟ್ಟೆ ಇರಬೇಕೆಂದುಕೊಂಡಿದ್ದೆ. ಇಲ್ಸಬೆಗೆ ಹೇಳಿದೆ. ಆಕೆ ಗುದ್ದಲಿಯ ಮೇಲೆ ಗಲ್ಲವೂರಿ ಕೇಳಿದಳು. "ಅವನು ಆ ಬಟ್ಟೇನ ಏನ್ ಮಾಡ್ತಾನೆ?" ಎಂದಳು. ಬರೆಯುತ್ತಾನೆ ಎಂದೆ. "ಯಾವುದರಲ್ಲಿ?" ಎಂದಳು. ಆ ಪೆಟ್ಟಿಗೆಯ ಚಿತ್ರದಲ್ಲಿ ಎಂದೆ. ಆಕೆ ಉಳಿದ ಮಣ್ಣನ್ನು ಅವಸರವಾಗಿ ಎಳೆದು ಮುಚ್ಚಿದಳು.

ಅಂದು ಮಧ್ಯಾಹ್ನವೇ ನೆರೆಮನೆಯವಳನ್ನು ಗೇಶೆಯ ಬಳಿ ಕೂರಿಸಿ, ಮೀನಿನ ಗಾಡಿ ಹತ್ತಿ ಸ್ಟ್ರಾಲ್‌ಸುಂಡ್‌ಗೆ ಹೊರಟೆವು. ದಾರಿಯುದ್ದಕ್ಕೂ ಇಲ್ಸಬೆ ಬೆರಳಲ್ಲಿ ಏನನ್ನೋ ಎಣಿಸುತ್ತಿದ್ದಳು. ಗಂಡ ಹೋದದ್ದು ಏಳು ವಾರಕ್ಕೆ ಎಂಬುದು ನನಗೆ ನೆನಪಿತ್ತು. ನಾನೂ ಮನಸ್ಸಿನಲ್ಲೇ ಎಣಿಸಿದೆ. ಗೇಶೆ ಪೆಟ್ಟಿಗೆಯಲ್ಲಿ ಮಲಗಿ ಅಂದಿಗೆ ಆರು ವಾರ ಮುಗಿದಿತ್ತು. ರಾತ್ರಿ ನನ್ನ ಅಣ್ಣನ ಮನೆಯಲ್ಲಿ ತಂಗಿ, ಬೆಳಗಾದೊಡನೆ ರಾಶ್‌ನ ಕೋಣೆಯ ಮೆಟ್ಟಿಲು ಹತ್ತಿದೆವು.

ಚಿತ್ರ ಕಿಟಕಿಗೆ ಎದುರಾಗಿ ನಿಂತಿತ್ತು. ನನ್ನಷ್ಟು ಎತ್ತರ, ಅದರ ಎರಡರಷ್ಟು ಅಗಲ. ಬೂದು ಆಕಾಶ, ಕಪ್ಪು ಮರ, ಹಿಮ, ಗುರುತೇ ಸಿಗದಷ್ಟು ದುಃಖ ಹೊತ್ತ ನಮ್ಮ ಬೆಸ್ತರು. ನಡುವೆ ತೆರೆದ ಪೆಟ್ಟಿಗೆಯಲ್ಲಿ ಗೇಶೆ ಸತ್ತು ಮಲಗಿದ್ದಳು. ಜೋಡಿಸಿದ ಕೈಗಳಲ್ಲಿ ಅವಳ ಕೊರಳಬಟ್ಟೆ, ಬಟ್ಟೆಯ ಮೂಲೆಯಲ್ಲಿ ಕೆಂಪು ದಾರದ ಎರಡು ಅಕ್ಷರ. ಒಂದೊಂದು ಅಡ್ಡಹೊಲಿಗೆಯನ್ನೂ ಬಿಡದೆ ಬರೆದಿದ್ದ. ಇಡೀ ಚಿತ್ರದಲ್ಲಿ ಬಣ್ಣವೆಂದು ಇದ್ದದ್ದು ಅದೊಂದೇ. ಬಾಗಿಲಿನಿಂದಲೇ ಕಣ್ಣು ನೇರವಾಗಿ ಅಲ್ಲಿಗೆ ಹೋಗಿ ನಿಲ್ಲುತ್ತಿತ್ತು.

ಇಲ್ಸಬೆ ಗೋಡೆ ಹಿಡಿದುಕೊಂಡಳು. ನನಗೂ ಮನೆಯಲ್ಲಿ ಕೆಮ್ಮುತ್ತಿದ್ದ ಹುಡುಗಿಗಿಂತ ಇವಳೇ ನಿಜವೆನಿಸಿದಳು.

ರಾಶ್ ಸಂತೋಷದಿಂದ ಕುರ್ಚಿ ಎಳೆದ. ವಿಷಯ ಹೇಳಿದಾಗ ತಬ್ಬಿಬ್ಬಾದ, ಪೆಟ್ಟಿಗೆಯಿಂದ ಎತ್ತಿಟ್ಟುಕೊಂಡಿದ್ದ ಕೊರಳಬಟ್ಟೆಯನ್ನು ಕೂಡಲೇ ತಂದುಕೊಟ್ಟು ಕ್ಷಮೆ ಕೇಳಿದ. ಆದರೆ ಚಿತ್ರದ ಅಕ್ಷರಗಳನ್ನು ತೆಗೆಯಬೇಕೆಂದಾಗ ಎದ್ದು ಅದರ ಮುಂದೆ ನಿಂತುಬಿಟ್ಟ. ಆ ಕೆಂಪು ಹೋದರೆ ಚಿತ್ರವೇ ಹೋಯಿತು, ಎರಡು ತಿಂಗಳ ಕೆಲಸ, ಬರ್ಲಿನ್ನಿನ ದೊಡ್ಡ ಮನೆಯವರು ಕಾಯುತ್ತಿದ್ದಾರೆ, ವಾರದೊಳಗೆ ಕಳಿಸಬೇಕು ಎಂದ. ನಾನು ವಾದ ಮಾಡಿದೆ, ಗದರಿದೆ. ಇಲ್ಸಬೆ ನನ್ನ ತೋಳು ಹಿಡಿದು ಸುಮ್ಮನಿರಿಸಿದಳು.

"ಇದ್ರಲ್ಲಿ ಯಾರು ಸತ್ತಿರೋದು ಸ್ವಾಮಿ?" ಎಂದು ಕೇಳಿದಳು.

"ಯಾರೂ ಅಲ್ಲಮ್ಮ. ಯಾರೋ ಒಬ್ಬಳು ಹುಡುಗಿ. ಯಾರು ಬೇಕಾದ್ರೂ ಆಗಿರ್ಬಹುದು."

"ಹೆಸರು ಹಾಕಿದೀರಲ್ಲ. ಇನ್ನು ಯಾರೋ ಆಗಲ್ಲ, ಇವಳೇ ಆಗ್ತಾಳೆ." ಆಕೆ ಸೊಂಟದ ಚೀಲಕ್ಕೆ ಕೈ ಹಾಕಿದಳು. "ನಾನು ಹದಿನಾರು ವರ್ಷದಿಂದ ಸತ್ತೋರಿಗೆ ಬಟ್ಟೆ ಹಾಕ್ತಿದೀನಿ. ಒಬ್ಬರನ್ನೂ ಹೆಸರು ಇಟ್ಕೊಂಡು ಕಳಿಸಿಲ್ಲ. ಇವಳನ್ನೂ ಕಳಿಸಲ್ಲ."

ರಾಶ್ ಆಕೆಯ ಮುಖ ನೋಡಿದ, ತಿರುಗಿ ಚಿತ್ರದೊಳಗಿನ ಮುಖ ನೋಡಿದ. ಅವನು ಕೆಟ್ಟವನಲ್ಲ. ಕಡೆಗೆ ಪಕ್ಕಕ್ಕೆ ಸರಿದ. ಬಣ್ಣ ಒರೆಸಲು ಎಣ್ಣೆಬಟ್ಟೆ ಕೊಡಹೋದ, ಆಕೆ ಬೇಡವೆಂದಳು.

ಬೆರಳುದ್ದದ ಅದೇ ಕತ್ತರಿ. ಚಿತ್ರದ ಮುಂದೆ ಮಂಡಿಯೂರಿ, ಅಂಗಿಯ ಅಕ್ಷರ ಬಿಚ್ಚುವಂತೆಯೇ ಬಿಚ್ಚಿದಳು. ಚಳಿಗೆ ಬಣ್ಣ ಇನ್ನೂ ಆರಿರಲಿಲ್ಲ. ಒಂದೊಂದು ಹೊಲಿಗೆಯನ್ನೂ ತುದಿಯಿಂದ ಎತ್ತಿ, ಎಡಗೈಯ ಚಿಂದಿಗೆ ಒರೆಸಿಕೊಂಡಳು. ಮಗಳ ಬೆರಳಿಗೆ ತಾಗದ ಹಾಗೆ. ಮುಗಿದ ಮೇಲೆ ಚಿಂದಿಯನ್ನು ರಾಶ್‌ನ ಒಲೆಗೆ ಹಾಕಿ, ಎಂದಿನಂತೆ ಬೂದಿಯಾಗುವವರೆಗೆ ನಿಂತಳು. ಬಟ್ಟೆಯ ಮೂಲೆಯಲ್ಲಿ ಒಂದು ಮಸುಕಾದ ಗೀಚು ಉಳಿಯಿತು. ರಾಶ್ ಅದನ್ನು ಮುಚ್ಚಲೂ ಇಲ್ಲ, ಹೊಸ ಬಣ್ಣ ತುಂಬಲೂ ಇಲ್ಲ ಎಂದು ಆಮೇಲೆ ತಿಳಿಯಿತು. ಚಿತ್ರ ಹಾಗೆಯೇ ಬರ್ಲಿನ್ನಿಗೆ ಹೋಯಿತಂತೆ.

ಹಿಂದಿರುಗುವಾಗ ಗಾಡಿ ಸಿಗುವುದು ತಡವಾಯಿತು. ಮರುದಿನ ಹೊತ್ತು ಮಧ್ಯಾಹ್ನಕ್ಕೆ ತಿರುಗಿದಾಗ ಊರ ಹೊರಗೆ ಇಳಿದು ನಡೆದೆವು. ಮೊದಲ ಹಿಮ ಬಿದ್ದಿತ್ತು, ಈ ಸಲ ನಿಜವಾದದ್ದು. ಪಾಳುಮಠದ ತಿರುವು ದಾಟಿದರೆ ಇಲ್ಸಬೆಯ ಮನೆ ಕಾಣುತ್ತದೆ. ತಿರುವಿನಲ್ಲಿ ಆಕೆ ತಟ್ಟನೆ ನಿಂತಳು. ನಾನೂ ಕಂಡೆ. ಗೇಶೆ ಮಲಗಿದ ಕೋಣೆಯ ಕಿಟಕಿ ಪೂರ್ತಿ ತೆರೆದಿತ್ತು.

ಡಿಸೆಂಬರಿನ ಚಳಿಯಲ್ಲಿ ನಮ್ಮಲ್ಲಿ ಯಾರೂ ಕಿಟಕಿ ತೆರೆಯುವುದಿಲ್ಲ, ಒಂದು ಕಾರಣದ ಹೊರತು. ಯಾರಾದರೂ ಉಸಿರು ಬಿಟ್ಟ ಕೂಡಲೇ, ಜೀವ ಹೊರಗೆ ಹೋಗಲಿ ಎಂದು ತೆರೆಯುತ್ತಾರೆ. ಇಲ್ಸಬೆಯೇ ನೂರು ಮನೆಗಳಲ್ಲಿ ಹಾಗೆ ಕಿಟಕಿ ತೆರೆದವಳು.

ಆಕೆ ಕೂಗಲಿಲ್ಲ. ಓಡಲೂ ಇಲ್ಲ. ಆ ಇನ್ನೂರು ಹೆಜ್ಜೆಯನ್ನು ಹೆಣದ ಹಿಂದೆ ನಡೆಯುವ ಹಾಗೆ ನಡೆದಳು, ನಾನು ಹಿಂದೆ. ನನ್ನ ಬಾಯಲ್ಲಿ ತಾನಾಗಿ ಸಾವಿನ ಹಾಡು ಬಂತು. ಹಲ್ಲು ಕಚ್ಚಿ ನುಂಗಿಕೊಂಡೆ. ಬಾಗಿಲು ತಳ್ಳಿದಳು. ನೆರೆಮನೆಯವಳು ಒಲೆಯ ಬಳಿ ಕುಳಿತು ತೂಕಡಿಸುತ್ತಿದ್ದಳು. ಒಳಗಿನ ಕೋಣೆಯಲ್ಲಿ ಗೇಶೆ ಕಂಬಳಿ ಹೊದ್ದು ಹಾಸಿಗೆಯ ಮೇಲೆ ಎದ್ದು ಕುಳಿತಿದ್ದಳು. ಕೂದಲೆಲ್ಲ ಬೆವರಿನಲ್ಲಿ ತೊಯ್ದು ಹಣೆಗೆ ಅಂಟಿತ್ತು.

"ಸೆಕೆ ಅಮ್ಮ. ಬೆಳಗ್ಗೆಯಿಂದ ಬೆವರು ಹರೀತಿದೆ. ಅವಳು ಮಲಗಿದ್ಲು, ನಾನೇ ತೆಗೆದೆ" ಎಂದಳು.

ಇಲ್ಸಬೆ ಹೋಗಿ ಕಿಟಕಿ ಮುಚ್ಚಿದಳು. ಅಗುಳಿ ಹಾಕಿದಳು. ಹಾಕಿದ ಅಗುಳಿಯ ಮೇಲೆ ಕೈ ಇಟ್ಟುಕೊಂಡು ನಮ್ಮ ಕಡೆಗೆ ಬೆನ್ನು ಮಾಡಿ ನಿಂತಳು. "ಇನ್ನೊಂದ್ಸಲ ತೆಗೆದ್ರೆ ಕೈ ಮುರೀತೀನಿ ಕಣೇ" ಎಂದಳು, ಮತ್ತೆ ಅಲ್ಲೇ ನೆಲಕ್ಕೆ ಕುಸಿದು ಕುಳಿತಳು.

ಜ್ವರ ತಾನಾಗಿ ಇಳಿಯಿತೋ, ಬಿಸಿ ಹಾಲಿಗೆ ಇಳಿಯಿತೋ, ಕತ್ತರಿಗೆ ಇಳಿಯಿತೋ ನನ್ನನ್ನು ಕೇಳಬೇಡಿ. ಮಕ್ಕಳಿಗೆ ನಲವತ್ತು ವರ್ಷ ಲೆಕ್ಕ ಕಲಿಸಿದ ನಾನು ಆ ಒಂದು ಲೆಕ್ಕವನ್ನು ಬಿಡಿಸಲು ಹೋಗಿಲ್ಲ.

ಗೇಶೆ ದೋಣಿ ಕಟ್ಟುವವನೊಬ್ಬನನ್ನು ಮದುವೆಯಾಗಿ ಇದೇ ಊರಿನಲ್ಲಿದ್ದಾಳೆ. ನಾಲ್ಕು ಮಕ್ಕಳು, ನಾಲ್ವರಿಗೂ ನಾನೇ ಓದು ಕಲಿಸಿದೆ. ಇಲ್ಸಬೆಗೆ ಈಗ ಎಪ್ಪತ್ತನಾಲ್ಕು. ಸತ್ತವರನ್ನು ಎತ್ತುವ ಶಕ್ತಿ ತೋಳುಗಳಲ್ಲಿ ಉಳಿದಿಲ್ಲ. ಆ ಕೆಲಸವನ್ನು ಬೇರೆಯವಳು ಮಾಡುತ್ತಾಳೆ. ಆಕೆಯ ಪೆಟ್ಟಿಗೆ ಅಟ್ಟದಲ್ಲಿದೆ. ಖಾಲಿ ಇದೆ, ಅದರಲ್ಲಿ ಏನನ್ನೂ ಇಡಲು ಬಿಡುವುದಿಲ್ಲ. ತಿಂಗಳಿಗೊಮ್ಮೆ ಮೊಮ್ಮಗಳ ಕೈ ಹಿಡಿದು ಏಣಿ ಹತ್ತಿ, ಒಳಗೆ ಕೈಯಾಡಿಸಿ ಇಳಿದು ಬರುತ್ತಾಳೆ.

ಕೆಲವು ತಿಂಗಳು ದಿನವೂ ಕಿಟಕಿಯ ಬಳಿ ಕುಳಿತು ತನ್ನ ಬಟ್ಟೆಗಳ ಅಕ್ಷರ ಬಿಚ್ಚಿದಳು. ಗಂಡನ ಮನೆತನದ ಅಕ್ಷರವೇ ಮಗಳದೂ ಆಗಿತ್ತು, ತಾನು ಹೋಗುವಾಗ ಯಾರ ಕಣ್ಣಾದರೂ ತಪ್ಪೀತು ಎಂಬ ಅಂಜಿಕೆ ಆಕೆಗೆ ಇಂದಿಗೂ ಹೋಗಿಲ್ಲ. ಕಣ್ಣು ಮಂಜಾಗಿದೆ, ಬೆರಳ ತುದಿಯಿಂದಲೇ ಹೊಲಿಗೆ ಹುಡುಕುತ್ತಾಳೆ. ತನ್ನವೆಲ್ಲ ಮುಗಿದವೆಂದು ಹೋದ ತಿಂಗಳು ನನ್ನನ್ನು ಕರೆಸಿದಳು. ನಿಮಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ನೀವು ಹೋದ ಮೇಲೆ ನಿಮ್ಮ ಬಟ್ಟೆಯನ್ನು ಯಾರು ನೋಡುತ್ತಾರೆ, ಅಣ್ಣನ ಮಕ್ಕಳಿದ್ದಾರಲ್ಲ, ಅವರಿಗೂ ಅದೇ ಮನೆತನದ ಅಕ್ಷರ ತಾನೆ ಎಂದಳು. ನಾನು ವಾದ ಮಾಡಲಿಲ್ಲ. ವಾರಕ್ಕೆ ಎರಡರಂತೆ ನನ್ನ ಅಂಗಿಗಳನ್ನು ಒಯ್ದು ಕೊಡುತ್ತಿದ್ದೇನೆ. ಇಂದು ಮಧ್ಯಾಹ್ನ ಹೋದಾಗ ನನ್ನ ತಾಯಿ ಹೊಲಿದ ಕೊನೆಯ ಅಂಗಿ ಆಕೆಯ ತೊಡೆಯ ಮೇಲಿತ್ತು. ನಾನು ಎದುರಿಗೆ ಕುಳಿತೆ, ಬೆಳಕಿಗೆ ಅಡ್ಡ ಬರದಂತೆ.